ಆಯೇರಿಗೆ ಬಂದ ಸಿಗರೇಟಿನ ಡಬ್ಬಿಗಳು

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಒಂದೇ ಒಂದು ಸಿಗರೇಟು ಸೇದಿದವನಲ್ಲ. ಆದರೂ ಇಳಕಲ್ಲಿನ ಬಸ್‌ಸ್ಟ್ಯಾಂಡಿನಿಂದ ಹುನಗುಂದದ ತನಕ ಯಾವ ಪಾನ್ ಅಂಗಡಿಯವನನ್ನಾದರೂ ಕೇಳಿ ನೋಡಿ, ಆ ಸಿಗರೇಟಿನ ಹುಚ್ಚನಾ ಅಂತ ಥಟ್ಟನೆ ಗುರುತು ಹಿಡಿಯುತ್ತಾನೆ. ಅದು ಹೇಗೆ ಅಂತೀರಾ? ಸಿಗರೇಟು ಸೇದಿ ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರಬಹುದು. ಅಳೆದು ಕೆಟ್ಟವನನ್ನು ನೋಡಬೇಕಾದರೆ ನಮ್ಮ ಮಾವನೊಬ್ಬನೇ ಗತಿ!

ಅವನು ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಮಾಡುವವನು. ಕಲ್ಲಿನ ದಪ್ಪ ಅಳೆಯುವ ಉಕ್ಕಿನ ಕ್ಯಾಲಿಪರ್ ಸದಾ ಅವನ ಕಿಸೆಯಲ್ಲಿರುತ್ತದೆ. ಒಂದು ದಿನ ಪಾನ್ ಅಂಗಡಿಗೆ ಹೋಗಿ ಬಿಡಿ ಸಿಗರೇಟೊಂದನ್ನು ಕೇಳಿದ. ಅಲ್ಲೇ ನಿಂತು ಅದರ ಉದ್ದ ಅಳೆದ, ದಪ್ಪ ಅಳೆದ, ಮೂಗಿಗೆ ಹಿಡಿದ, ಜೋರಾಗಿ ಸೀನಿದ. ಆಮೇಲೆ ಅದನ್ನು ಅಂಗಡಿಯವನ ಮುಂದೆ ಇಟ್ಟ.

"ತಗೋರಿ, ಹೊಳ್ಳಿ ಇಟ್ಕೋರಿ. ಮಾಪ್ ತಗೊಂಡೇನಿ ಅಷ್ಟ, ಬೆಂಕಿ ಹಚ್ಚಿಲ್ಲ."

"ಅದರ ಮ್ಯಾಲ ಸೀನಿರಲ್ರಿ?"

"ಸೀನಿದ್ರ ಉದ್ದ ಏನ್ ಕಮ್ಮಿ ಆಗೂದಿಲ್ಲಲ್ರಿ."

ಇಷ್ಟಕ್ಕೂ ಸೇದದವನಿಗೆ ಸಿಗರೇಟಿನ ಉಸಾಬರಿ ಯಾಕೆ? ಎಲ್ಲ ನಮ್ಮ ಅಪ್ಪನಿಗಾಗಿ. ಅಪ್ಪ ಗುಳೇದಗುಡ್ಡದಲ್ಲಿ ಖಣ ನೇಯುವವನು, ಹೆಂಗಸರ ಕುಪ್ಪಸಕ್ಕೆ ಆಗುವ ಬಟ್ಟೆ. ಮನೆಯ ಪಡಸಾಲೆಯಲ್ಲೇ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಏಳಬೇಕು, ಇಲ್ಲವೇ ಸಿಗರೇಟಿಗೆ ಏಳಬೇಕು. ರೇಷ್ಮೆಗೆ ಕಿಡಿ ತಾಗಬಾರದೆಂದು ಹೊರಗೆ ಕಟ್ಟೆಗೆ ಹೋಗಿ ಸೇದುತ್ತಿದ್ದ. ದಿನಕ್ಕೊಂದು ಪ್ಯಾಕು, ಹತ್ತು. ರೇಷ್ಮೆಯ ಮೇಲೆ ಅಷ್ಟು ಕಾಳಜಿ ಇದ್ದ ಮನುಷ್ಯನಿಗೆ ತನ್ನ ಎದೆಯ ಮೇಲೆ ಎಳ್ಳಷ್ಟೂ ಇರಲಿಲ್ಲ. ಬೆಳಗಾದರೆ ಅವನ ಕೆಮ್ಮಿಗೆ ಓಣಿಯೆಲ್ಲ ಏಳುತ್ತಿತ್ತು.

ಆ ಕೆಮ್ಮು ಮಾವನ ನಿದ್ದೆ ಕೆಡಿಸಿತ್ತು. ಅಜ್ಜಿ ತೀರಿಕೊಂಡಾಗ ಅವನು ಎಂಟು ವರ್ಷದವನು. ಅವ್ವ ಮದುವೆಯಾಗಿ ಬಂದಾಗ ಅವಳ ಸೆರಗು ಹಿಡಿದುಕೊಂಡೇ ಗುಳೇದಗುಡ್ಡಕ್ಕೆ ಬಂದ. ಅವನಿಗೆ ಅನ್ನ ಹಾಕಿ, ಸಾಲಿ ಕಲಿಸಿ, ಇಳಕಲ್ಲಿನಲ್ಲಿ ಕೆಲಸಕ್ಕೆ ಹಚ್ಚಿದವನು ಅಪ್ಪ. ಅಂಥ ಹಿರಿಯನ ಮುಂದೆ ನಿಂತು ಸಿಗರೇಟು ಬಿಡು ಅನ್ನಲಿಕ್ಕೆ ಮಾವನಿಗೆ ಬಾಯಿಲ್ಲ. ಆದರೆ ಅಪ್ಪ ಇನ್ನೂ ನಾಲ್ಕು ಕಾಲ ಇರಬೇಕು. ಮಾವನಿಗೆ ಬೇಕಾದದ್ದು ಅಷ್ಟೇ.

ದಾರಿ ತೋರಿಸಿದವನು ಹೊರದೇಶದಿಂದ ಕಲ್ಲು ಕೊಳ್ಳಲು ಬಂದ ಒಬ್ಬ ಸಾಹೇಬ. ಆತ ಕಾರ್ಖಾನೆಯ ಅಂಗಳದಲ್ಲಿ ನಿಂತು ಕೋಟಿನ ಒಳಗಿಂದ ಒಂದು ಚರ್ಮದ ಡಬ್ಬಿ ತೆಗೆದನಂತೆ. ಒಳಗೆ ಮೂರು ಸಿಗಾರು, ನಮ್ಮ ಚುಟ್ಟಾದ ದೊಡ್ಡಣ್ಣಂದಿರು. ಒಂದೊಂದಕ್ಕೂ ಬೇರೆ ಬೇರೆ ಕೋಣೆ. ಇಷ್ಟು ದೊಡ್ಡ ಸಾಹುಕಾರನಿಗೆ ಮೂರೇನಾ ಅಂತ ಮಾವ ಮ್ಯಾನೇಜರರ ಕೈಲಿ ಕೇಳಿಸಿದ. ಡಬ್ಬಿ ಖಾಲಿಯಾದರೆ ಆ ದಿನದ್ದು ಮುಗಿಯಿತು, ಮೊದಲು ಐದರ ಡಬ್ಬಿ ಇತ್ತು, ಅದನ್ನು ಬಿಟ್ಟು ಮೂರರದು ಮಾಡಿಸಿಕೊಂಡೆ ಅಂದನಂತೆ ಸಾಹೇಬ. ಮಾವನ ತಲೆಯಲ್ಲಿ ದೀಪ ಹತ್ತಿತು.

ಅಂದೇ ಅವ್ವನಿಗೆ ಫೋನು ಮಾಡಿದ. "ಅಕ್ಕಾ, ಭಾವಗ ಬುದ್ಧಿ ಹೇಳಾಕ ಬರೂದಿಲ್ಲ, ಖರೆ. ಆಯೇರಿ ಮಾಡಾಕ ಬರ್ತೈತಿಲ್ಲೋ?"

ಆಯೇರಿ ಎಂದರೆ ಬೀಗರು, ಹೆಂಡತಿಯ ತವರಿನವರೂ ಸೇರಿ, ಹಬ್ಬಕ್ಕೋ ಮದುವೆಗೋ ತರುವ ಉಡುಗೊರೆ. ನಮ್ಮ ಕಡೆ ಅದನ್ನು ಬೇಡ ಅನ್ನುವಂತಿಲ್ಲ, ಮೂಲೆಗೆ ಎಸೆಯುವಂತಿಲ್ಲ. ತಿರುಗಿ ಕೊಟ್ಟರಂತೂ ಸಂಬಂಧ ಕಡಿದುಕೊಂಡ ಹಾಗೆಯೇ. ಅಪ್ಪ ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಯಾರೋ ಬೀಗರು ಕೊಟ್ಟ, ಕಿವಿ ಮುಚ್ಚುವಷ್ಟು ದೊಡ್ಡ ಟೋಪಿಯನ್ನು ಏನೂ ಕೇಳಿಸದೆ ಎರಡು ವರ್ಷ ಹಾಕಿಕೊಂಡಿದ್ದ ಆಸಾಮಿ!

ಪಂಚಮಿಗೆ ಅವ್ವನನ್ನು ಕರೆಯಲು ಬಂದ ಮಾವ ಮೊದಲ ಡಬ್ಬಿ ತಂದ. ಎಂಟು ಸಿಗರೇಟು ಹಿಡಿಸುವ, ಇಳಕಲ್ಲಿನ ಕೆಂಪು ಕಲ್ಲಿನ ಡಬ್ಬಿ. ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು, ಅಂಥ ಪಾಲಿಶು. ತೂಕ ಮಾತ್ರ ಕೇಳಬೇಡಿ. ಅಪ್ಪ ಅದನ್ನು ಅಂಗಿಯ ಕಿಸೆಯಲ್ಲಿಟ್ಟ ಮರುಗಳಿಗೆಗೆ ಕಿಸೆ ಕಿತ್ತು ಡಬ್ಬಿ ಅವನ ಕಾಲ ಮೇಲೆ ಬಿತ್ತು. ಅಪ್ಪ ಕುಂಟಿದ, ಆದರೆ ಬಿಡಲಿಲ್ಲ. ಎರಡು ಪದರು ಖಣ ಹಾಕಿ ಕಿಸೆ ಹೊಲಿಸಿದ. ಆಮೇಲೆ ಎಡಕ್ಕೆ ವಾಲಿಕೊಂಡೇ ನಡೆಯತೊಡಗಿದ. ಪಕ್ಕದ ಮನೆಯವರು ಲಕ್ವ ಹೊಡೆದಿರಬೇಕೆಂದು ಎಣ್ಣೆ ಕಾಸಿ ತಂದುಕೊಟ್ಟರು.

ದೀಪಾವಳಿಗೆ ಆರರ ಡಬ್ಬಿ ಬಂತು. ಈ ಸಲ ಹಗುರವಾಗಿರಲಿ ಎಂದು ಸವೆದ ಲಾಳಿಯೊಂದನ್ನು ಕೊರೆದು ಮಾಡಿದ್ದ. ಲಾಳಿ ಗೊತ್ತಲ್ಲ, ನೂಲು ತುಂಬಿಕೊಂಡು ಮಗ್ಗದಲ್ಲಿ ಆ ಕಡೆ ಈ ಕಡೆ ಓಡುವ ಮರದ ಸಾಧನ. ನೇಕಾರನ ಕೈಗೆ ಒಪ್ಪುವ ಆಕಾರ ಅಂತ ಮಾವ ಬಲು ಹೆಮ್ಮೆಪಟ್ಟ. ಒಪ್ಪಿತು, ಅತಿಯಾಗಿಯೇ ಒಪ್ಪಿತು. ಒಂದು ಮಧ್ಯಾಹ್ನ ಅಪ್ಪ ಯಾವುದೋ ಯೋಚನೆಯಲ್ಲಿ ಪಕ್ಕದಲ್ಲಿದ್ದ ಡಬ್ಬಿಯನ್ನೇ ಎತ್ತಿ ಮಗ್ಗಕ್ಕೆ ಒಗೆದ! ಮುಚ್ಚಳ ಕಳಚಿ, ಆರೂ ಸಿಗರೇಟು ರೇಷ್ಮೆಯ ಎಳೆಗಳ ನಡುವೆ ನುಜ್ಜುಗುಜ್ಜಾಗಿ, ಹೊಗೆಸೊಪ್ಪಿನ ಚೂರುಗಳು ಬಟ್ಟೆಯೊಳಗೇ ಸೇರಿಹೋದವು. ಆ ಖಣ ಕೊಂಡ ವ್ಯಾಪಾರಿ ತಿಂಗಳಾದ ಮೇಲೆ ಬಂದ.

"ಏನ್ರೀ ಇದು? ಈ ಕುಪ್ಪಸ ತೊಟ್ಟ ಹೆಣ್ಮಗಳು ಒಂದ ಸಮನ ಸೀನಾಕತ್ತ್ಯಾಳ."

"ಹೊಸಾ ಬಟ್ಟಿ ನೋಡ್ರಿ, ಒಂದೆರಡು ಸಲ ಒಗೀರಿ," ಅಂದ ಅಪ್ಪ, ಮುಖ ಆ ಕಡೆ ತಿರುಗಿಸಿ.

ಸಂಕ್ರಾಂತಿಗೆ ನಾಲ್ಕರದು. ತಗಡಿನ ಡಬ್ಬಿ, ಮುಚ್ಚಳಕ್ಕೆ ಕುರಿಯ ಕೊರಳಿನ ಸಣ್ಣ ಗಂಟೆ. ತೆರೆದಾಗಲೆಲ್ಲ ಗಂಟೆ ಸದ್ದು ಮಾಡಬೇಕು, ಅಡುಗೆಮನೆಯಲ್ಲಿರುವ ಅವ್ವನಿಗೆ ಕೇಳಬೇಕು, ಅಪ್ಪನಿಗೆ ನಾಚಿಕೆಯಾಗಬೇಕು. ಯೋಜನೆ ಚೆನ್ನಾಗಿಯೇ ಇತ್ತು. ಅಪ್ಪನಿಗೆ ನಾಚಿಕೆಯಾಗಲಿಲ್ಲ, ಓಣಿಯ ಆಡುಗಳಿಗೆ ಮಾತ್ರ ಆಸೆಯಾಯಿತು. ಅಪ್ಪ ಕಟ್ಟೆಯ ಮೇಲೆ ಕೂತು ಡಬ್ಬಿ ತೆರೆದರೆ ಸಾಕು, ತಮ್ಮ ಕಡೆಯವರು ಯಾರೋ ಮೇವಿಗೆ ಹೊರಟಿದ್ದಾರೆಂದು ಮೂರು ನಾಲ್ಕು ಆಡು ಬಂದು ಅವನ ಸುತ್ತ ನಿಲ್ಲುತ್ತಿದ್ದವು. ಅಪ್ಪ ಅವುಗಳ ಜೊತೆ ಮಾತಾಡುತ್ತ ಇನ್ನೊಂದು ಹಚ್ಚುತ್ತಿದ್ದ.

ಯುಗಾದಿಗೆ ಕೊನೆಯದು, ಎರಡರ ಡಬ್ಬಿ. ಬೆಂಕಿಪೊಟ್ಟಣದಷ್ಟು ಅಗಲ, ಮೇಲೆ ಖಣದ ಹೊದಿಕೆ. ಅದನ್ನು ತೆರೆಯಬೇಕಾದರೆ ರೇಷ್ಮೆ ದಾರದ ಹನ್ನೊಂದು ಗಂಟು ಬಿಚ್ಚಬೇಕು. ಗಂಟು ಬಿಚ್ಚುವಷ್ಟರಲ್ಲಿ ಸೇದುವ ಆಸೆಯೇ ಸತ್ತುಹೋಗುತ್ತದೆ ಅನ್ನುವುದು ಮಾವನ ಲೆಕ್ಕಾಚಾರ. ಎಂಥ ಬುದ್ಧಿವಂತ ನೋಡಿ! ಐವತ್ತು ವರ್ಷ ಹರಿದ ಎಳೆಗೆ ಗಂಟು ಹಾಕುವುದನ್ನೂ ಬಿಚ್ಚುವುದನ್ನೂ ಬಿಟ್ಟು ಬೇರೆ ಕೆಲಸ ಮಾಡದ ಮನುಷ್ಯನಿಗೆ ಗಂಟು ಕಟ್ಟಿ ಕೊಟ್ಟಿದ್ದ. ಅಪ್ಪ ಅವನ ಕಣ್ಣೆದುರಿಗೇ ಎಡಗೈ ಒಂದರಿಂದಲೇ ಹನ್ನೊಂದನ್ನೂ ಬಿಚ್ಚಿದ.

"ಚಲೋ ಗಂಟು ಹಾಕೀಯೋ ಶಾಣ್ಯಾ," ಅಂತ ಬೆನ್ನು ತಟ್ಟಿದ. ಮಾವನನ್ನು ಅವನು ಕರೆಯುವುದೇ ಶಾಣ್ಯಾ ಅಂತ, ಅಂದರೆ ಜಾಣ.

ಹೋಗಲಿ ಬಿಡಿ, ಗಂಟು ಬಿಚ್ಚಿದರೂ ಒಳಗಿರುವುದು ಎರಡೇ ತಾನೇ? ಎಂಟರಿಂದ ಎರಡಕ್ಕೆ ಇಳಿಸಿದೆ ಎಂದು ಮಾವ ಇಳಕಲ್ಲಿನಲ್ಲಿ ತಲೆ ಎತ್ತಿ ತಿರುಗಿದ. ಬಾಗಲಕೋಟೆಯಲ್ಲಿ ಸಾಲಿ ಮಾಸ್ತರಿಕೆ ಮಾಡಿಕೊಂಡಿರುವ ನಾನೂ ಫೋನಿನಲ್ಲಿ ಶಹಬ್ಬಾಸ್ ಹೇಳಿದೆ. ಆದರೆ ಕೆಮ್ಮು ಯಾಕೆ ಜೋರಾಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ, ಅಡುಗೆಮನೆಯಿಂದ ಗಂಟೆಯ ಸದ್ದನ್ನಷ್ಟೇ ಎಣಿಸುತ್ತಿದ್ದ ಅವ್ವನಿಗೂ.

ಮೇ ತಿಂಗಳ ಸೂಟಿಗೆ ಊರಿಗೆ ಹೋದೆ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಚಾಪೆಯ ಮೇಲೆ ನಾಲ್ಕೂ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಎರಡು ಪ್ಯಾಕು ಒಡೆದು, ಒಂದೊಂದರಲ್ಲೂ ಜೋಡಿಸುತ್ತಿದ್ದ.

"ಇದೇನಪಾ, ನಾಲ್ಕೂ ತುಂಬಾಕತ್ತೀಯಲ್ಲ?"

"ಮತ್ತ? ಒಂದು ತುಂಬಿ ಉಳಿದದ್ದು ಬಿಟ್ರ, ಬಿಟ್ಟಿದ್ದಕ್ಕ ಅವಮಾನ ಆಗೂದಿಲ್ಲೇನು? ನಾಲ್ಕೂ ಅವ ಕೈಯಾರೆ ಮಾಡಿದ್ದು."

"ತುಂಬಿದ್ದೆಲ್ಲಾ ಸೇದ್ತೀ?"

"ಖಾಲಿ ಆಗದ ನಾಳೆ ತುಂಬೂದು ಹೆಂಗ?"

ಎಂಟು, ಆರು, ನಾಲ್ಕು, ಎರಡು. ಕೂಡಿಸಿ ನೋಡಿದೆ, ಇಪ್ಪತ್ತು. ಸಾಹೇಬನ ದೇಶದಲ್ಲಿ ಹೊಸ ಡಬ್ಬಿ ಬಂದರೆ ಹಳೆಯದು ಹೋಗುತ್ತದೆ. ನಮ್ಮ ಮನೆಯಲ್ಲಿ ಬೀಗರು ಕೊಟ್ಟದ್ದು ಯಾವುದೂ ಹೋಗುವುದಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮಾವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಮುಂದಿನ ಬಸ್ಸಿಗೇ ಬಂದ. ಚಾಪೆಯ ಮೇಲೆ ಕೂತು ಕ್ಯಾಲಿಪರ್ ಹಿಡಿಯುವ ಬೆರಳುಗಳಿಂದ ಒಂದೊಂದೇ ಎಣಿಸಿದ. ಎರಡು ಸಲ ಎಣಿಸಿದ.

"ಭಾವಾ, ನಾ ಕಮ್ಮಿ ಆಗಲಿ ಅಂತ ಕೊಟ್ಟಿದ್ದೆ."

"ಹಂಗಂತ ಹೇಳಬೇಕಿಲ್ಲೇನೋ?"

"ನಿನಗ ನಾ ಹೆಂಗ ಹೇಳ್ಲಿ?"

ಅಪ್ಪ ಕಮ್ಮಿ ಮಾಡುತ್ತೇನೆಂದ. ಆದರೆ ಇಪ್ಪತ್ತಕ್ಕೆ ಒಗ್ಗಿದ ಎದೆ ಹತ್ತಕ್ಕೆ ಇಳಿಯಲು ಒಪ್ಪಲಿಲ್ಲ. ಜೂನಿನಲ್ಲಿ ಒಂದು ದಿನ ಮಗ್ಗದ ಕುಣಿಯಿಂದ ಮೇಲೇಳಲು ಹೋದವನಿಗೆ ಉಸಿರೇ ಸಿಗಲಿಲ್ಲ. ಓಣಿಯವರು ಎತ್ತಿ ಕಾರಿನಲ್ಲಿ ಹಾಕಿಕೊಂಡು ಬಾಗಲಕೋಟೆಯ ದವಾಖಾನಿಗೆ ತಂದರು. ನಾನು ಸಾಲಿ ಬಿಟ್ಟು ಓಡಿದೆ. ಇಳಕಲ್ಲಿನಿಂದ ಮಾವ ಮೈಮೇಲೆ ಕಲ್ಲಿನ ಪುಡಿ ಇದ್ದ ಹಾಗೆಯೇ ಬಂದ.

"ದಿನಕ್ಕ ಎಷ್ಟು ಸೇದ್ತಾರ?" ಎಂದು ಡಾಕ್ಟರು ಕೇಳಿದರು.

"ಹತ್ತಿತ್ರಿ. ಈಗ ಇಪ್ಪತ್ತಾಗೇತಿ," ಅಂದೆ.

"ಒಂದ ವರ್ಷದಾಗ ಅಷ್ಟ ಹೆಂಗ ಏರ್ತು?"

ಸಾಲಿಯಲ್ಲಿ ಹುಡುಗರು ಎತ್ತುವಂತೆ ಮಾವ ಕೈ ಎತ್ತಿದ. "ನಾನ ರೀ ಏರಿಸಿದ್ದು."

"ನೀವೂ ಸೇದ್ತೀರೇನು?"

"ಇಲ್ರಿ. ನಾ ಡಬ್ಬಿ ಮಾಡ್ತೇನ್ರಿ."

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಈ ಸಲ ಉಳಿದುಕೊಳ್ಳುತ್ತಾರೆ, ಇನ್ನು ಸೇದಿದರೆ ಮಾತ್ರ ನನ್ನನ್ನು ಕೇಳಬೇಡಿ ಎಂದರು ಡಾಕ್ಟರು. ಮಾವ ವರಾಂಡದ ಬೆಂಚಿನ ಮೇಲೆ ಕೂತು ಅತ್ತ. ನನಗೆ ಅನ್ನ ಹಾಕಿದವನನ್ನು ನಾನೇ ಕೈಯಾರೆ ಕೊಲ್ಲಲು ಹೊರಟಿದ್ದೆ ಅಂತ ಅತ್ತ. ಅವನನ್ನು ಬೈದಿದ್ದಕ್ಕೆ ನನಗೂ ಅಳು ಬಂತು. ಎರಡು ದಿನ ಅವನು ಅನ್ನ ಮುಟ್ಟಲಿಲ್ಲ, ಅಪ್ಪನ ಎದುರಿಗೂ ಬರಲಿಲ್ಲ.

ಮೂರನೆಯ ದಿನ ಅಪ್ಪನ ಮೂಗಿನ ನಳಿಗೆ ತೆಗೆದರು. ಮೊದಲ ಮಾತೇ, "ಮನ್ಯಾಗಿನ ನಾಲ್ಕೂ ಡಬ್ಬಿ ತಗೊಂಡ್ ಬಾ."

"ಸಾಯಾಕ ಅಷ್ಟು ಅವಸರ ಐತೇನು ನಿನಗ?" ಎಂದು ರೇಗಿದೆ.

"ತಗೊಂಡ್ ಬಾ ಅಂದ್ನೆಲ್ಲ."

ಗುಳೇದಗುಡ್ಡಕ್ಕೆ ಹೋಗಿ, ನಾಲ್ಕನ್ನೂ ತಲೆಕೆಳಗು ಮಾಡಿ ಕೊಡವಿ, ಖಾಲಿ ಇವೆಯೆಂದು ಖಾತ್ರಿ ಮಾಡಿಕೊಂಡೇ ಚೀಲಕ್ಕೆ ಹಾಕಿದೆ. ಆ ಕಲ್ಲಿನದ್ದನ್ನು ಹೊತ್ತು ಭುಜ ಬಿದ್ದುಹೋಯಿತು. ಅಪ್ಪ ಮಾವನನ್ನು ಒಳಗೆ ಕರೆಸಿ ಮಂಚದ ಅಂಚಿಗೆ ಕೂರಿಸಿಕೊಂಡ. ಚೀಲದಿಂದ ಒಂದೊಂದೇ ಡಬ್ಬಿ ತೆಗೆದು ಅವನ ತೊಡೆಯ ಮೇಲೆ ಇಟ್ಟ.

"ಏನ್ ಮಾಡಾಕತ್ತೀರಿ ನೀವು? ಆಯೇರಿ ಹೊಳ್ಳಿ ಕೊಡಬಾರ್ದು," ಎಂದು ಅವ್ವ ಎದ್ದು ನಿಂತಳು.

ಮಾವ ಡಬ್ಬಿಗಳು ಬೀಳದಂತೆ ಹಿಡಿದುಕೊಂಡು ಅಪ್ಪನ ಕಡೆ ತಿರುಗಿದ. "ಭಾವಾ, ಸಂಬಂಧ ಕಡಕೊಳ್ಳಾಕತ್ತೀಯೇನು?"

"ಹೂಂ. ಸಾಕು ಈ ಬೀಗತನ," ಅಂದ ಅಪ್ಪ. ಉಸಿರು ತೆಗೆದುಕೊಳ್ಳಲು ನಡುನಡುವೆ ನಿಲ್ಲುತ್ತಿದ್ದ. "ಬೀಗರು ಆಯೇರಿ ತರ್ತಾರ. ಮಕ್ಕಳು ಬರೇ ಕೈಲೆ ಬರ್ತಾರ. ಬೀಗರು ಮನಸಿನ್ಯಾಗ ಇಟ್ಕೋತಾರ, ಮಕ್ಕಳು ಬಾಯಿಬಿಟ್ಟು ಹೇಳ್ತಾರ. ನೀ ನನಗ ಮಗಾ ಅದೀ. ಏನ್ ಹೇಳೂದೈತಿ, ಈಗ ಹೇಳು."

ಮಾವ ನಾಲ್ಕೂ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮಂಚದ ಕೆಳಗೆ ಇಟ್ಟ.

"ಸಿಗರೇಟ್ ಬಿಡು," ಅಂದ ಕೊನೆಗೆ.

"ಬಿಟ್ಟೆ," ಅಂದ ಅಪ್ಪ.

ಅಷ್ಟೇ. ಒಂದು ವರ್ಷ ಕಲ್ಲು, ಮರ, ತಗಡು, ಬಟ್ಟೆ ಎಲ್ಲ ಕೊರೆದು ಕತ್ತರಿಸಿದರೂ ಆಗದ ಕೆಲಸ ಎರಡು ಮಾತಿನಲ್ಲಿ ಆಯಿತು. ಅಪ್ಪ ಅಂದಿನಿಂದ ಮುಟ್ಟಿಲ್ಲ. ಮುಟ್ಟಿದರೆ ಮಗನ ಮಾತು ಮೀರಿದಂತಾಗುತ್ತದಂತೆ.

ಈ ಸಲದ ಪಂಚಮಿಗೆ ಮಾವ ಬಂದಾಗ ಅವನ ಕೈಯಲ್ಲಿ ಚೀಲವಿರಲಿಲ್ಲ. ಹೊಸ್ತಿಲಾಚೆ ನಿಂತು ಕೈಗಳನ್ನು ಕಿಸೆಗೆ ಹಾಕಿದ, ತೆಗೆದ, ಬೆನ್ನ ಹಿಂದೆ ಕಟ್ಟಿದ, ಮತ್ತೆ ಬಿಟ್ಟ. ಮಗ್ಗದಲ್ಲಿದ್ದ ಅಪ್ಪ ಗೋಡೆ ಹಿಡಿದು ಮೆಲ್ಲಗೆ ಕುಣಿಯಿಂದ ಎದ್ದ, ಬಾಗಿಲಿಗೆ ನಡೆದು ಹೋಗಿ ಆ ಬರಿಗೈಯನ್ನು ಹಿಡಿದು ಅವನನ್ನು ಒಳಗೆ ಕರೆದುಕೊಂಡು ಬಂದ.