ಮೂರು ನಾಡು, ಒಂದು ಬೋರ್ಡು

ಸರ್ಕಾರಿ ಪೇಂಟರ್ ಅಂದು ಸಂಜೆ ನಾಲ್ಕಕ್ಕೆ ನಿವೃತ್ತನಾಗಬೇಕಿತ್ತು. ಐದರ ರೈಲಿಗೆ ಟಿಕೆಟ್ ಆಗಿತ್ತು. ಹುಟ್ಟಿ ಮೂರು ತಿಂಗಳಾದರೂ ಮುಖ ಕಾಣದ ಮೊಮ್ಮಗನನ್ನು ನೋಡುವ ಆಸೆಗೆ ಹೆಂಡತಿ ಮಧ್ಯಾಹ್ನದಿಂದಲೇ ಸಭಾಭವನದ ಗೇಟಿನಲ್ಲಿ ಟ್ರಂಕಿನ ಮೇಲೆ ಕೂತಿದ್ದಳು.

ಉಳಿದದ್ದು ಒಂದೇ ಕೆಲಸ, ಬಾಗಿಲ ಮೇಲೆ ದೇಶದ ಹೆಸರು ಬರೆಯುವುದು. ಇವನ ಅಜ್ಜ ಅಲ್ಲಿ ‘ಬಯಲುನಾಡು’ ಅಂತಷ್ಟೇ ಬರೆದಿದ್ದ. ಬೆಟ್ಟದವರು ಬಂದು ಸೇರಿದಾಗ ಅಪ್ಪ ‘ಮತ್ತು ಬೆಟ್ಟನಾಡು’ ಅಂತ ಸೇರಿಸಿದ್ದ. ಇವತ್ತು ದ್ವೀಪದವರೂ ಒಪ್ಪಂದಕ್ಕೆ ಸಹಿ ಹಾಕುವವರಿದ್ದರು. ಇನ್ನೊಂದು ಹೆಸರು ತಾನೆ, ಅರ್ಧ ಗಂಟೆ ಸಾಕು ಅಂದುಕೊಂಡು ಪಾಪ, ಏಣಿ ಹತ್ತಿ ಕೊನೆಯಲ್ಲಿ ಅದನ್ನೂ ಸೇರಿಸಿದ.

“ಕೊನೇಲಿ ಯಾಕ್ರೀ ನಮ್ಮ ಹೆಸರು? ನಾವೇನು ಬಾಲಾನಾ?” ದ್ವೀಪದ ಪ್ರತಿನಿಧಿ ಕೆಳಗಿನಿಂದ ಗದರಿದಳು. “ಮೊದಲು ಹಾಕಿ. ಇಲ್ಲಾಂದ್ರೆ ಸಹಿ ಇಲ್ಲ!”

ಅಳಿಸಿ ಮೊದಲು ಹಾಕಿದ.

“ಏನಯ್ಯಾ, ಇವತ್ತು ಬಂದೋರು ಮುಂದೆ, ಮನೆ ಕಟ್ಟಿದ ನಾವು ಹಿಂದೆ?” ಬಯಲಿನ ಮುದುಕರು ಏಣಿ ಹಿಡಿದು ಅಲ್ಲಾಡಿಸಿದರು. ಬಣ್ಣದ ಡಬ್ಬಿ ಉರುಳಿ, ಕೆಳಗೆ ನಿಂತಿದ್ದ ಸಭಾಭವನದ ಕಾರ್ಯದರ್ಶಿಯ ಬೋಳುತಲೆ ಹಸಿರಾಯಿತು.

“ಆಗಲೂ ನಾವೇ ಕೊನೆ, ಈಗಲೂ ನಾವೇ ಕೊನೆ!” ಬೆಟ್ಟದವರು ಒಪ್ಪಂದದ ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

“ಬೋರ್ಡು ಮುಗಿಯೋವರೆಗೂ ನೀನು ಗೇಟು ದಾಟೋ ಹಾಗಿಲ್ಲ,” ಎಂದರು ಕಾರ್ಯದರ್ಶಿ, ಹಸಿರು ಒರೆಸಿಕೊಳ್ಳುತ್ತ.

“ರೀ, ಮೂರೂವರೆ ಆಯ್ತು! ರೈಲೇನು ನಿಮ್ಮ ದೇಶಕ್ಕೆ ಕಾಯತ್ತಾ?” ಗೇಟಿನಿಂದ ಹೆಂಡತಿ ಕೂಗಿದಳು.

ಪೇಂಟರಿಗೆ ಅಳುವೇ ಬಂತು. ಅಷ್ಟರಲ್ಲಿ ಕ್ಯಾಂಟೀನಿನ ಮುರಿದ ದುಂಡುಮೇಜು ಕಣ್ಣಿಗೆ ಬಿತ್ತು. ಅದರ ಹಲಗೆ ಕಿತ್ತು, ಮೂರು ಹೆಸರನ್ನೂ ಅಂಚಿನ ಸುತ್ತ ಬರೆದು, ನಡುವೆ ‘ಸಂಯುಕ್ತ ರಾಜ್ಯ’ ಅಂತ ಹಾಕಿ, ನಟ್ಟನಡುವೆ ಒಂದೇ ಮೊಳೆ ಹೊಡೆದು ಬಾಗಿಲ ಮೇಲೆ ಕೂರಿಸಿದ. ಮೊದಲೂ ಇಲ್ಲ, ಕೊನೆಯೂ ಇಲ್ಲ! ಮೂವರೂ ಕೈ ಕುಲುಕಿ ಸಹಿ ಹಾಕಿಯೇಬಿಟ್ಟರು. ಇವನು ಬ್ರಷ್ಷು ಎಸೆದು ಗೇಟಿಗೆ ಓಡಿದ.

“ಅಲ್ಲಾ, ಮೇಲ್ಗಡೆ ಇರೋದು ಯಾರ ಹೆಸರು?” ಹಿಂದಿನಿಂದ ಬಯಲಿನವರ ದನಿ ಕೇಳಿತು.

ಸುಮ್ಮನೆ ಹೋಗಿದ್ದರೆ ಬದುಕಿಕೊಳ್ಳುತ್ತಿದ್ದ. ಬಾಯಿ ಕೇಳಬೇಕಲ್ಲ!

“ದಿನಾ ಬೆಳಗ್ಗೆ ಒಂದಿಷ್ಟು ತಿರುಗಿಸಿ ಸ್ವಾಮಿ! ದಿನಕ್ಕೊಬ್ಬರು ಮೇಲೆ ಬರ್ತೀರಿ!”

“ಭೇಷ್! ಆದ್ರೆ ತಿರುಗಿಸೋರು ಯಾರು? ನಮ್ಮಲ್ಲಿ ಒಬ್ಬರನ್ನ ಇನ್ನೊಬ್ಬರು ನಂಬಲ್ಲವಲ್ಲ,” ಎಂದಳು ದ್ವೀಪದವಳು.

ಮೂರೂ ನಾಡಿನವರ ಬೆರಳು ಒಟ್ಟಿಗೆ ಗೇಟಿನಲ್ಲಿದ್ದ ಪೇಂಟರನ ಕಡೆ ತಿರುಗಿದವು. ಸಂಯುಕ್ತ ರಾಜ್ಯದ ಮೊಟ್ಟಮೊದಲ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಪೇಂಟರನ ನಿವೃತ್ತಿ ರದ್ದು. ಒಕ್ಕೂಟ ಇರುವವರೆಗೂ ದಿನಾ ಬೆಳಗ್ಗೆ ಆರಕ್ಕೆ ಬೋರ್ಡು ತಿರುಗಿಸಬೇಕು, ರಜೆ ಇಲ್ಲ.

ಹೆಂಡತಿ ಟ್ರಂಕು ಎತ್ತಿಕೊಂಡಳು. “ಎಷ್ಟು ದಿನ ಇರತ್ತಂತೆ ಈ ಒಕ್ಕೂಟ?”

“ಶಾಶ್ವತವಾಗಿ ಅಂತೆ ಕಣೇ,” ಎಂದ ಪೇಂಟರ್. “ಈಗ ತಾನೇ ಸಹಿ ಹಾಕಿದ್ರು.”