ಜೋಡಿ ಒಲ್ಲದ ಮೀನಿಗೆ ಸಂಬಂಧ ಕೂಡಿಸುವವನ ಅಹವಾಲು

ಮಾನ್ಯ ಫ್ಲವರ್‌ಹಾರ್ನ್ ಮಹಾಶಯರೇ,

ಕೊಟ್ಟೂರಿನ ನಮ್ಮ ಪಡಸಾಲೆಯ ಮೂರಡಿ ಗಾಜಿನ ತೊಟ್ಟಿಯಲ್ಲಿ ತಾವು ಸುಖವಾಗಿ ಬಿಜಯಂಗೈದಿದ್ದೀರೆಂದೂ, ತಮ್ಮ ಹಣೆಯ ಮೇಲಿನ ಗಡ್ಡೆ ದಿನೇ ದಿನೇ ಅಭಿವೃದ್ಧಿ ಹೊಂದುತ್ತಿದೆಯೆಂದೂ ಕಣ್ಣಾರೆ ಕಂಡು, ಅದೇ ಪಡಸಾಲೆಯ ಮಂಚದ ಮೇಲೆ ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ಎದುರಿಗೇ ಹೇಳಬಹುದಿತ್ತು, ಆದರೆ ನಾನು ಬಾಯಿ ತೆರೆದ ಕೂಡಲೇ ತಾವೂ ತೆರೆಯುತ್ತೀರಿ, ಮಾತು ಮುಂದೆ ಹೋಗುವುದಿಲ್ಲ. ಸಂಗತಿ ಹೇಗೂ ಬಸ್‌ಸ್ಟ್ಯಾಂಡಿನವರೆಗೆ ಗೊತ್ತಾಗಿರುವುದರಿಂದ ಮುಚ್ಚಿಡುವುದಕ್ಕೂ ಏನೂ ಉಳಿದಿಲ್ಲ.

ನಾನು ಹಿರೇಮಠದ ಕೊಟ್ರಬಸಯ್ಯ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಕೂಡಿಸುವುದನ್ನೇ ಕಸುಬಾಗಿ ಮಾಡಿಕೊಂಡವನು. ನಾನು ಕೂಡಿಸಿದ ಸಂಬಂಧ ಮುರಿಯುವುದಿಲ್ಲ ಎಂಬ ಮಾತೇ ನನ್ನ ಆಸ್ತಿ. ಗಡ್ಡೆಯ ಮೀನು ಮನೆಯಲ್ಲಿದ್ದರೆ ಶುಭವೆಂದು ಯಾರೋ ಹೇಳಿದ್ದನ್ನು ನಂಬಿ ತಮ್ಮನ್ನು ಕರೆತರಲು ಹೋದಾಗ, ದಾವಣಗೆರೆಯ ಮೀನಿನಂಗಡಿಯವನು, "ಇದು ಸಿಕ್ಲಿಡ್ ಕುಲದ್ದು ಸ್ವಾಮಿ, ಭಾಳ ಜಗಳಗಂಟಿ. ಜೊತೆಗೆ ಏನೂ ಬಿಡಬೇಡಿ" ಎಂದುಬಿಟ್ಟ. ಕೊಟ್ರಬಸಯ್ಯನ ಮುಂದೆ ಜೋಡಿ ಸಿಗದ ಜೀವವೊಂದಿದೆ ಎಂದು ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬಂತೋ, ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿ ಸಂಬಂಧ ನೋಡುವಾಗ ಮೊದಲು ಕೇಳುವುದು ಬೆಡಗು, ಅಂದರೆ ವಂಶ. ಎರಡೂ ಕಡೆಯದು ಒಂದೇ ಬೆಡಗಾದರೆ ಅಣ್ಣ-ತಂಗಿಯಾಯಿತು, ಅಲ್ಲಿಗೆ ಮಾತು ನಿಂತಿತು. ತಮ್ಮ ಮೂಲ ಅಮೆರಿಕದ ಕಡೆಯ ನದಿಗಳೆಂದು ತಿಳಿದ ಮೇಲೆ, ಆ ಕಡೆಯ ಮೀನುಗಳೆಲ್ಲ ತಮಗೆ ಅಣ್ಣತಮ್ಮಂದಿರಾದಾವೆಂದು ಹೆದರಿ, ಬೆಡಗು ಖಂಡಿತ ಕೂಡದಿರಲೆಂದು ಆಫ್ರಿಕಾದ ಕೆರೆಯ ಹಳದಿ ಸಿಕ್ಲಿಡ್ ಒಂದನ್ನು ಆರಿಸಿದೆ. ಅಂಗಡಿಯವನು ಎರಡರ ನೀರೇ ಬೇರೆ, ಸ್ವಭಾವವೇ ಬೇರೆ ಎಂದು ಬಡಕೊಂಡ. ಹಡಗಲಿಯ ನೀರೂ ಕೂಡ್ಲಿಗಿಯ ನೀರೂ ಒಂದೇ ಏನು, ನಮ್ಮ ಸೊಸೆಯಂದಿರು ಕುಡಿಯುವುದಿಲ್ಲವೇ ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ತಾವು ಆ ಹಳದಿಯವರಿಗೆ ನೀಡಿದ ಸ್ವಾಗತವನ್ನು ಮರೆಯಲಾರೆ: ಬಂದ ದಿನದಿಂದ ಅವರು ಫಿಲ್ಟರಿನ ಹಿಂದೆ ಸೇರಿಕೊಂಡವರು, ಮರಳಿ ಅಂಗಡಿಗೆ ಹೋಗುವವರೆಗೂ ಮುಖ ತೋರಿಸಲಿಲ್ಲ.

ಮುಂದೆ ಎತ್ತರದ ನಿಲುವು, ತೆಳ್ಳನೆಯ ಮೈಕಟ್ಟು ನೋಡಿ ಒಂದು ಏಂಜಲ್ ಮೀನನ್ನು ತಂದೆ. ಅದರ ರೆಕ್ಕೆಯ ಉದ್ದ ತಮಗೆ ಹೆಚ್ಚಾಗಿ ಕಂಡಿರಬೇಕು, ಸಂಜೆಯೊಳಗೆ ತಾವೇ ಕೃಪೆಯಿಟ್ಟು ಕತ್ತರಿಸಿಕೊಟ್ಟಿರಿ. ಗಾಜು ನೆಕ್ಕಿಕೊಂಡು ಮೂಲೆಯಲ್ಲಿರುವ ಸಕ್ಕರ್ ಮೀನೊಂದೇ ತಮ್ಮ ಜೊತೆ ಬಾಳುತ್ತಿದೆ. ಅದರ ಮೈಮೇಲೆ ಚಿಪ್ಪಿದೆ, ಬಾಯಲ್ಲಿ ಮಾತಿಲ್ಲ, ನಮ್ಮ ಓಣಿಯ ಮನೆಅಳಿಯಂದಿರು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಕಳೆದ ಸೋಮವಾರ ಹೂವಿನಹಡಗಲಿಯ ಮಲ್ಲಿಗೆ ತೋಟದವರ ಮಗಳು ಅರ್ಚನಾಳನ್ನೂ ಹರಪನಹಳ್ಳಿಯ ಪ್ರವೀಣಕುಮಾರನನ್ನೂ ನಮ್ಮ ಪಡಸಾಲೆಯಲ್ಲೇ ಎದುರುಬದುರು ಕೂರಿಸುವುದಿತ್ತು. ನಾನು ತಂದ ಗಂಡುಗಳಿಗೆಲ್ಲ ತಲೆ ಎತ್ತದೆಯೇ ಬೇಡವೆಂದ ಹುಡುಗಿ ಅವಳು. ಇದೂ ತಪ್ಪಿದರೆ ಹಗರಿಬೊಮ್ಮನಹಳ್ಳಿಯ ಬೇರೆ ದಲ್ಲಾಳಿಯ ಹತ್ತಿರ ಹೋಗುವುದಾಗಿ ಅವಳಜ್ಜಿ ನಾಗಲಿಂಗಮ್ಮನವರು ಮೊದಲೇ ಹೇಳಿಕಳಿಸಿದ್ದರು. ಜೋಡಿ ಕೂಡಿಸುವವನ ಮನೆಯಲ್ಲಿ ಮೀನು ಒಂಟಿಯಾಗಿ ಕಾಣಬಾರದೆಂದು, ಬೆಡಗನ್ನು ಬದಿಗಿಟ್ಟು ತಮ್ಮ ಜಾತಿಯದೇ ಹೆಣ್ಣೊಂದನ್ನು ತಂದು, ನಡುವೆ ಗಾಜಿನ ಅಡ್ಡಗೋಡೆ ನಿಲ್ಲಿಸಿ, ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಸಿ ಕಾದೆ.

ಎಲ್ಲರೂ ಕೂತು, ನಾನು ಗಂಡಿನ ಗುಣ ವರ್ಣಿಸಲು ಗಂಟಲು ಸರಿಮಾಡಿಕೊಳ್ಳುವ ಸಮಯಕ್ಕೆ ಸರಿಯಾಗಿ, ತಾವು ಆ ಶುಭದ ಗಡ್ಡೆಯಿಂದ ಅಡ್ಡಗೋಡೆಗೆ ಗುದ್ದಿ ಕೆಡವಿ, ಹೆಣ್ಣನ್ನು ತೊಟ್ಟಿಯ ತುಂಬ ಅಟ್ಟಾಡಿಸಿ, ನೀರು ಬಂದು ಬಜ್ಜಿಯ ತಟ್ಟೆಗೆ ಬೀಳುವ ಹಾಗೆ ಮಾಡಿದಿರಿ. ನಾಗಲಿಂಗಮ್ಮನವರು ಬಜ್ಜಿ ಕೆಳಗಿಟ್ಟು, "ಜೋಡಿ ಕೂಡ್ಸೋ ಅಯ್ಯನೋರ ಮನ್ಯಾಗ ಇದೇನ್ರಿ ಇದು" ಎಂದರು. ಇನ್ನು ನನ್ನ ಕಸುಬು ಮುಗಿಯಿತೆಂದೇ ತಿಳಿದೆ.

ಆಗ ಎದ್ದವಳು ಅರ್ಚನಾ. ಒಮ್ಮೆಯೂ ತಲೆ ಎತ್ತದವಳು ನೆಟ್ಟಗೆ ನನ್ನ ಮುಖ ನೋಡಿ, ಆ ಹೆಣ್ಣು ಮೀನಿನ ಕಡೆ ಕೈಮಾಡಿ, "ಅಯ್ಯನೋರ, ತರೋಕಿಂತ ಮೊದ್ಲು ಈಕಿನ್ನ ಒಂದ್ ಮಾತು ಕೇಳಿದ್ರೇನ್ರಿ?" ಎಂದಳು. ಅಷ್ಟರಲ್ಲಿ ಪ್ರವೀಣಕುಮಾರ್ ಇಸ್ತ್ರಿ ಅಂಗಿಯ ತೋಳು ಮಡಚದೆಯೇ ತೊಟ್ಟಿಗೆ ಕೈಹಾಕಿ, ಆ ಹೆಣ್ಣು ಮೀನನ್ನು ಬೊಗಸೆಯಲ್ಲಿ ಎತ್ತಿ ಬಕೆಟ್ಟಿಗೆ ಬಿಟ್ಟು, "ಇವ್ರು ನಿಮ್ಮನ್ನೂ ಕೇಳಿಲ್ಲೇನ್ರಿ?" ಎಂದು ಅವಳನ್ನೇ ಕೇಳಿದ. ಇಲ್ಲವೆಂದಳು. "ಹಂಗಾರ ನಾ ಕೇಳ್ತೀನ್ರಿ" ಎಂದ. ಆಮೇಲೆ ಇಬ್ಬರೂ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಆದರೆ ಅವಳು ನಕ್ಕದ್ದು ಬೀದಿಗೂ ಕೇಳಿಸಿತು. ಹೊರಡುವಾಗ ಬಕೆಟ್ಟಿಗೆ ಕೈ ತೋರಿಸಿ, "ಇದನ್ನ ನಾನಾ ಒಯ್ತೀನಿ, ಮದುವ್ಯಾದ್ ಮ್ಯಾಲೂ ನನ್ ಕೂಡ ಇರ್ಲಿ" ಎಂದಳು, ಅಜ್ಜಿ ನೆನೆದ ಬಜ್ಜಿಯನ್ನೇ ಬಾಯಿಗೆ ಹಾಕಿಕೊಂಡರು.

ಸಂಬಂಧ ಕೂಡಿತು ಮಹಾಶಯರೇ, ನನ್ನ ದೂರು ಇರುವುದೇ ಅಲ್ಲಿ. ಹೆಸರು ತಮಗೆ ಬಂತು. ನಿನ್ನೆ ಇಟ್ಟಿಗಿ ಊರಿನಿಂದ ಸಂಬಂಧ ಕೇಳಿಕೊಂಡು ಬಂದವರು ನನಗೆ ಕೈಮುಗಿಯದೆ, "ಅಯ್ಯನೋರು ಇರ್ಲಿ, ಮೀನ ಎಲ್ಲೈತ್ರಿ?" ಎಂದು ಕೇಳಿದರು. ಆದ್ದರಿಂದ ತಾವು ದಯಮಾಡಿ ಈ ಮಂಚಕ್ಕೆ ಬಂದು, ವಿಭೂತಿ ಧರಿಸಿ, ಬಂದವರನ್ನು ಮಾತಾಡಿಸಬೇಕೆಂದೂ, ಆ ತೊಟ್ಟಿಯಲ್ಲಿ ನನಗೆ ಸಕ್ಕರ್‌ನ ಪಕ್ಕ ಒಂದು ಮೂಲೆ ಕೊಡಬೇಕೆಂದೂ ವಿನಂತಿ.

ತಮ್ಮ ಹಣೆಗೂ ಹಸಿವಿಗೂ ತಲೆಬಾಗಿರುವ,
ತಮ್ಮ ವಿಶ್ವಾಸಿ,
ಹಿರೇಮಠದ ಕೊಟ್ರಬಸಯ್ಯ

ತಾ.ಕ.: ಅಂದು ನೆಲ ಒರೆಸುತ್ತಿದ್ದ ನನ್ನ ಹೆಂಡತಿ ಮರುಳಸಿದ್ದಮ್ಮ, "ನನ್ನ ಯಾರ್ ಕೇಳಿದ್ರು?" ಎಂದಳು. ತಡವಾದರೂ ಕೇಳಿಬಿಡೋಣವೆಂದು ನಿನ್ನೆ ಅವಳ ಮುಂದೆ ಕೂತು, ನಾನು ನಿನಗೆ ಒಪ್ಪಿಗೆಯೇ ಎಂದು ಕೇಳಿದೆ. "ವಿಚಾರ ಮಾಡಿ ಹೇಳ್ತೀನಿ" ಎಂದು ಒಳಗೆ ಹೋದವಳು ಇನ್ನೂ ಹೇಳಿಲ್ಲ, ಚಹಾವನ್ನೂ ತಂದಿಲ್ಲ. ತಾವು ಕೆಡವಿದ ಆ ಗಾಜಿನ ಅಡ್ಡಗೋಡೆ ಒಡೆದಿಲ್ಲ ತಾನೆ? ಉತ್ತರ ಬರುವವರೆಗೆ ನನಗೇ ಬೇಕಾಗಬಹುದು.