ಗಾಡಿ ಬದಲಿಸಲು ಹೋಗಿ ಮನೆ ಬದಲಿಸಿದ್ದು

ತನಗೆ ಬೇಕಾದದ್ದನ್ನು ಬೇಕು ಎಂದು ನೇರವಾಗಿ ಹೇಳುವ ಸಂಸಾರಸ್ಥ ಗಂಡಸು ಎಲ್ಲಾದರೂ ಇದ್ದರೆ ನನಗೊಮ್ಮೆ ತೋರಿಸಿ, ಕೈ ಮುಗಿದು ಬರುತ್ತೇನೆ. ನಾನು ಕಂಡವರೆಲ್ಲ ನನ್ನಂಥವರೇ. ದೊಡ್ಡ ಟಿ.ವಿ. ಬೇಕಾದವನು ಅತ್ತೆಯ ಕಣ್ಣು ಮಂಜಾಗಿದೆ ಎನ್ನುತ್ತಾನೆ. ಬಜಾರಿನಲ್ಲಿ ನಿಂತು ಬಿಸಿ ಮಿರ್ಚಿ ಭಜಿ ತಿನ್ನಬೇಕಾದವನು, ಅಯ್ಯೋ ಬೆಂಕಿಪೊಟ್ಟಣ ತರೋದು ಮರೆತೆ ಎಂದು ಚಪ್ಪಲಿ ಮೆಟ್ಟುತ್ತಾನೆ. ನನಗೆ ಹೊಸ ಮೋಟಾರ್ ಸೈಕಲ್ ಬೇಕಾಗಿತ್ತು. ಅದನ್ನು ಬಿಟ್ಟು ಬೆನ್ನುನೋವು ಎಂದೆ. ಅಷ್ಟೇ ನೋಡಿ ನಾನು ಮಾಡಿದ ತಪ್ಪು. ಆ ಒಂದು ಮಾತಿಗೆ ಹುಟ್ಟಿ ಬೆಳೆದ ಬಸವಕಲ್ಯಾಣ ಬಿಟ್ಟು ಹುಮನಾಬಾದಿನಲ್ಲಿ ಬಾಡಿಗೆ ಮನೆ ಹಿಡಿದು ಕೂತಿದ್ದೇನೆ. ಗಾಡಿ ಮಾತ್ರ ಅದೇ ಹಳೆಯದು.

ಹುಮನಾಬಾದಿನ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ವರ್ಷಗಟ್ಟಲೆ ಬಸವಕಲ್ಯಾಣದಿಂದಲೇ ಹೋಗಿ ಬಂದು ಮಾಡಿದವನು. ಬೆಳಗ್ಗೆ ರೊಟ್ಟಿ ಕಟ್ಟಿಸಿಕೊಂಡು ಹೊರಟರೆ ಬಂಗ್ಲಾ ಕ್ರಾಸಿನ ಹತ್ತಿರ ದೊಡ್ಡ ರಸ್ತೆ, ಆಮೇಲೆ ರಾಜೇಶ್ವರ, ಆಮೇಲೆ ಹುಮನಾಬಾದು. ನನ್ನ ಗಾಡಿಯ ವಿಷಯ ಏನು ಹೇಳಲಿ? ಮದುವೆಯ ಹೊಸದರಲ್ಲಿ ಕೊಂಡದ್ದು. ಹಾರ್ನ್ ಒಂದು ಬಿಟ್ಟು ಅದರ ಎಲ್ಲ ಭಾಗಗಳೂ ಸದ್ದು ಮಾಡುತ್ತಿದ್ದವು. ಚಳಿಗಾಲದಲ್ಲಿ ಅದನ್ನು ಒಂದು ಮಗ್ಗುಲಿಗೆ ಮಲಗಿಸಿ, ಎಬ್ಬಿಸಿ, ಒದ್ದು, ಆಮೇಲೆ ಸ್ವಲ್ಪ ರಮಿಸಿ ಮಾತಾಡಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ನಮ್ಮ ಪಕ್ಕದ ಮನೆಯ ಹಮೀದಾ ಚಾಚಿ ಗೋಡೆಯ ಆಚೆಯಿಂದ ಕೂಗುತ್ತಿದ್ದರು, "ಭಾಯ್, ಇವತ್ತ ಗಾಡಿ ನಿಮ್ಮನ್ನ ಒಯ್ಯತದೋ, ನೀವೇ ಗಾಡಿನ್ನ ಒಯ್ತೀರೋ?"

ಮಗಳು ಅಂಬಿಕಾ ಪಿಯುಸಿಗೆ ಬಂದಾಗ, ಹೆಂಗಿದ್ದರೂ ಅಪ್ಪ ದಿನಾ ಹೋಗುತ್ತಾನಲ್ಲ ಎಂದು ಅವಳನ್ನೂ ಹುಮನಾಬಾದಿನ ಕಾಲೇಜಿಗೇ ಹಾಕಿದೆವು. ಬೆಳಗ್ಗೆ ನನ್ನ ಹಿಂದೆ ಕೂತು ಬರುವುದು, ಸಂಜೆ ನನ್ನ ಹಿಂದೆ ಕೂತು ಹೋಗುವುದು. ಮನೆಯಲ್ಲಿ ನಮ್ಮ ಅಂಬಿಕಾ ಮಾತೇ ಆಡುವವಳಲ್ಲ. ಊಟ ಮಾಡಿದೆಯಾ ಅಂದರೆ ತಲೆ ಆಡಿಸುತ್ತಾಳೆ, ಪರೀಕ್ಷೆ ಹ್ಯಾಗಾಯಿತು ಅಂದರೂ ಅದೇ ತಲೆ, ಅದೇ ಆಟ. ಅಂಥ ಹುಡುಗಿಗೆ ಗಾಡಿ ಊರ ಹೊರಗೆ ಬಿದ್ದದ್ದೇ ತಡ ಬಾಯಿ ಬರುತ್ತಿತ್ತು! ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು. ಕೆಮಿಸ್ಟ್ರಿ ಮೇಡಂ ಸಿಟ್ಟು, ಗೆಳತಿಯ ಅಕ್ಕನ ಮದುವೆ ನಿಂತದ್ದು, ಚಾಚಿ ಹೊಲಿಗೆ ಕಲಿಸುತ್ತೇನೆಂದು ಮೊದಲು ತನ್ನ ಗಂಡನ ಪೈಜಾಮವನ್ನೇ ಕೊಟ್ಟದ್ದು, ಎಲ್ಲ ನನ್ನ ಬೆನ್ನಿಗೆ ಹೇಳುತ್ತಿದ್ದಳು. ಜಗದೇವಿಗೆ, ಅಂದರೆ ನನ್ನ ಹೆಂಡತಿಗೆ, ಇದರ ಮೇಲೆ ಸಣ್ಣ ಹೊಟ್ಟೆಕಿಚ್ಚು ಕೂಡ ಇತ್ತು. "ಅಪ್ಪನ ಮುಂದ ಎಲ್ಲಾ ಹೇಳ್ತಿ, ನನ್ನ ಮುಂದ ಮಾತ್ರ ಬಾಯಾಗ ನೀರ ತುಂಬ್ಕೊಂಡೇನ್ ನಿಂದರ್ತಿ?" ಎಂದು ಮಗಳನ್ನು ಬೈಯುತ್ತಿದ್ದಳು. ನಾನು ಆಗ ಏನೂ ಕೇಳದವನಂತೆ ಮೀಸೆ ತಿರುವುತ್ತಿದ್ದೆ. ಮಗಳು ಮನಸ್ಸು ಬಿಚ್ಚುವುದು ನನ್ನ ಹತ್ತಿರ ಮಾತ್ರ ಎಂಬ ಜಂಭ ಎಂಥ ಗುಮಾಸ್ತನಿಗಾದರೂ ಬರುತ್ತದೆ.

ಇನ್ನು ನನ್ನ ಹುಚ್ಚಿನ ಕಥೆ. ನಲವತ್ತು ದಾಟಿದ ಮೇಲೆ ಕೆಲವರಿಗೆ ಹೊಲದ ಮೇಲೆ ಕಣ್ಣು ಬೀಳುತ್ತದೆ, ಕೆಲವರಿಗೆ ದೇವರ ಮೇಲೆ. ನನಗೆ ಮೋಟಾರ್ ಸೈಕಲ್ ಮೇಲೆ ಬಿತ್ತು. ದೊಡ್ಡ ರಸ್ತೆಯಲ್ಲಿ ಯಾವನಾದರೂ ಹೊಸ ಗಾಡಿಯ ಮೇಲೆ ನನ್ನನ್ನು ದಾಟಿ ಹೋದರೆ ಮನಸ್ಸು ಅವನ ಹಿಂದೆಯೇ ಓಡುತ್ತಿತ್ತು. ಟ್ಯಾಂಕಿನ ಬಣ್ಣ, ಹಿಂದಿನ ದೀಪ, ಟೈರಿನ ಅಗಲ ಎಲ್ಲ ನೋಡಿಕೊಳ್ಳುತ್ತಿದ್ದೆ. ಕಚೇರಿಗೆ ಬಂದವರ ಗಾಡಿ ಹೊಸದಾಗಿದ್ದರೆ ಅವರ ಕೆಲಸಕ್ಕಿಂತ ಮೊದಲು ಗಾಡಿಯ ಮೈಲೇಜು ವಿಚಾರಿಸುತ್ತಿದ್ದೆ. ಮನ್ನಾಏಖೇಳ್ಳಿಯ ಒಬ್ಬ ಯಜಮಾನರು ಬೇಸತ್ತು, "ಸಾಹೇಬ್ರ, ಗಾಡಿ ಬೇಕಾದ್ರ ನೀವೇ ಇಟ್ಕೋರಿ, ನಂದಷ್ಟು ಸಹಿ ಮಾಡ್ಸಿ ಕೊಡ್ರಿ" ಎಂದದ್ದೂ ಉಂಟು.

ಆದರೆ ಈ ಆಸೆಯನ್ನು ಜಗದೇವಿಯ ಮುಂದೆ ಇಡುವುದು ಹ್ಯಾಗೆ? ಓಡುವ ಗಾಡಿ ಇರುವಾಗ ಇನ್ನೊಂದು ಯಾಕೆ ಅನ್ನುತ್ತಾಳೆ. ಅವಳು ಕೇಳುವ ಪ್ರಶ್ನೆಗಳೆಲ್ಲ ಹೀಗೆಯೇ, ಉತ್ತರ ಇಲ್ಲದವು. ಆದ್ದರಿಂದ ನಾನು ಒಂದು ಸಂಜೆ ಗಾಡಿಯಿಂದ ಇಳಿಯುತ್ತಲೇ "ಯಪ್ಪಾ" ಎಂದು ನಡು ಹಿಡಿದುಕೊಂಡೆ. ಮರುದಿನ ಸ್ವಲ್ಪ ಜೋರಾಗಿ ಹಿಡಿದುಕೊಂಡೆ. ಅದರ ಮರುವಾರ ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟಿಗೆ ಆತು ನಿಂತು ಕಣ್ಣು ಮುಚ್ಚಿದೆ. ಇಷ್ಟಾದ ಮೇಲೆ ಅವಳೇ "ಈ ಹಳೀ ಗಾಡಿ ಸಾಕ್ರಿ, ಹೊಸಾದು ತಗೋರಿ" ಅನ್ನಬೇಕು, ನಾನು "ಛೇ ಛೇ, ಈಗ್ಯಾಕ" ಅನ್ನಬೇಕು, ಅವಳು ಒತ್ತಾಯ ಮಾಡಬೇಕು. ಹೀಗೆಲ್ಲ ನಾನು ಲೆಕ್ಕ ಹಾಕಿಟ್ಟಿದ್ದೆ.

ಜಗದೇವಿ ಬಿಸಿನೀರಿನ ಚೀಲ ತಂದು ಬೆನ್ನಿಗಿಟ್ಟಳು. ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ಹೇಳಿದಳು, "ಎಷ್ಟ್ ದಿನಾ ಹಿಂಗ ಒದ್ದಾಡ್ತೀರಿ? ಗಾಡಿ ಮ್ಯಾಲ ಕೂಡೋದೇ ಬ್ಯಾಡ. ಹುಮನಾಬಾದದಾಗೇ ಮನಿ ಮಾಡೂಣು. ನಿಮಗೂ ಆಫೀಸ್ ಹತ್ರ, ಹುಡುಗಿಗೂ ಕಾಲೇಜ್ ಹತ್ರ."

ಆಗಲೇ ನಾನು ಎದ್ದು ಕೂತು, ಇಲ್ಲ ಮಾರಾಯ್ತಿ, ಬೆನ್ನು ಗಟ್ಟಿ ಇದೆ, ನನಗೆ ಗಾಡಿ ಬೇಕು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಿಸಿನೀರಿನ ಚೀಲ ಬೆನ್ನಿನ ಮೇಲಿರುವಾಗ ಆ ಮಾತು ಹ್ಯಾಗೆ ಹೊರಡುತ್ತದೆ? ಅದೂ ಅಲ್ಲದೆ, ಮನೆ ನೋಡುವುದು, ಗೊತ್ತು ಮಾಡುವುದು ಒಂದು ದಿನದ ಕೆಲಸವಲ್ಲ, ಅಷ್ಟರಲ್ಲಿ ಅವಳೇ ಸುಮ್ಮನಾಗುತ್ತಾಳೆ ಎಂದುಕೊಂಡೆ. ನನ್ನ ಹೆಂಡತಿಯ ಜೊತೆ ಇಷ್ಟು ವರ್ಷ ಬಾಳಿಯೂ ಹೀಗೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು! ಮುಂದಿನ ಅಮಾವಾಸ್ಯೆಯೊಳಗೆ ಮನೆ ಗೊತ್ತಾಗಿತ್ತು. ಅಮಾವಾಸ್ಯೆ ಕಳೆದು ಒಳ್ಳೆಯ ದಿನ ನೋಡಿ ಟೆಂಪೋ ಕೂಡ ಬಂತು.

ಮನೆ ಬದಲಿಸಿದವರಿಗೆ ಗೊತ್ತು, ಸಾಮಾನು ಇದ್ದಲ್ಲಿ ಇರುವಾಗ ಸ್ವಲ್ಪವೇ ಕಾಣುತ್ತದೆ. ಹೊರಗೆ ತೆಗೆದಿಟ್ಟರೆ, ಇಷ್ಟೆಲ್ಲ ಯಾವಾಗ ಕೊಂಡೆವು ಎಂದು ನಮಗೇ ಹೆದರಿಕೆ. ಜೋಳದ ಚೀಲ, ಹಂಡೆ, ಯಾರದೋ ಮದುವೆಯಲ್ಲಿ ಕೊಟ್ಟ ಗೋಡೆ ಗಡಿಯಾರಗಳು, ಕಾಲಿಲ್ಲದ ಸ್ಟೂಲು. ಹಮೀದಾ ಚಾಚಿ ಬಾಗಿಲಲ್ಲಿ ನಿಂತು ನೋಡಿದರು. "ಕ್ಯಾ ಭಾಯ್, ಬೆನ್ನಿನ ಸಲುವಾಗಿ ಯಾರರೆ ಊರ್ ಬಿಡ್ತಾರೇನ್ರಿ? ನಮ್ಮ ಅವರದು ಲಗ್ನ ಆದಾಗಿಂದ ಬೆನ್ನು ನೋಯಾಕತ್ತದ. ಎಲ್ಲಿಗಿ ಹೋಗ್ಯಾರ ಹೇಳ್ರಿ?" ಎಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸಾಮಾನೆಲ್ಲ ಒಯ್ರಿ ಭಾಯ್, ಬೇಟಿನ್ನಷ್ಟು ಬಿಟ್ಟು ಹೋಗ್ರಿ" ಎಂದು ಅಂಬಿಕಾಳನ್ನು ತಬ್ಬಿಕೊಂಡರು. ಅವಳು ಅಳಲಿಲ್ಲ. ನನ್ನನ್ನು ನೋಡಿದಳು. ಬಾ, ಗಾಡಿ ಮೇಲೆ ಹೋಗೋಣ ಅಂದೆ. "ನಾ ಟೆಂಪೋದಾಗ ಬರ್ತೀನಿ" ಎಂದು ತುಳಸಿ ಕುಂಡ ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಹತ್ತಿ ಕೂತಳು. ಕುಂಡ ಒಡೆದೀತೆಂದು ಕಾಳಜಿ ಎಂದುಕೊಂಡು ನಾನು ಮೆಚ್ಚಿಕೊಂಡೆ.

ಹುಮನಾಬಾದಿನ ಮನೆಯಲ್ಲಿ ಹಾಲು ಉಕ್ಕಿಸಿದೆವು. ಮೂಡಣ ದಿಕ್ಕಿಗೇ ಉಕ್ಕಿತು ಎಂದು ಜಗದೇವಿ ಓಣಿಯವರಿಗೆಲ್ಲ ಹೇಳಿದಳು. ಮನೆ ಚೆನ್ನಾಗಿಯೇ ಇದೆ. ನಳಕ್ಕೆ ನೀರು ಬರುತ್ತದೆ, ಗಾಳಿ ಬರುತ್ತದೆ. ಕಚೇರಿ ಎಷ್ಟು ಹತ್ತಿರವೆಂದರೆ ಮಧ್ಯಾಹ್ನ ಬಿಸಿ ರೊಟ್ಟಿ ತಿಂದು ಹೋಗಬಹುದು. ಅಂಬಿಕಾ ಗೆಳತಿಯರ ಜೊತೆ ನಡೆದೇ ಕಾಲೇಜಿಗೆ ಹೋಗುತ್ತಾಳೆ. ನಾನೂ ನಡೆದೇ ಹೋಗುತ್ತೇನೆ. ಗಾಡಿ ಅಂಗಳದಲ್ಲಿ ನಿಂತಿದೆ, ಅದರ ಹ್ಯಾಂಡಲ್ಲಿಗೆ ಜಗದೇವಿ ಒರೆಸುವ ಬಟ್ಟೆ ಒಣಹಾಕುತ್ತಾಳೆ. ಇಷ್ಟೆಲ್ಲ ಅನುಕೂಲವಾದ ಮೇಲೆ ಒಂದು ದಿನ ಥಟ್ಟನೆ ಹೊಳೆಯಿತು: ಮಗಳ ದನಿ ಕೇಳಿ ಎಷ್ಟು ದಿನವಾಯಿತು! ಕೆಮಿಸ್ಟ್ರಿ ಮೇಡಂ ಈಗ ಯಾರ ಮೇಲೆ ಸಿಟ್ಟಾಗಿದ್ದಾಳೆ, ಆ ಗೆಳತಿಯ ಅಕ್ಕನ ಮದುವೆ ಮತ್ತೆ ಕೂಡಿತೋ ಇಲ್ಲವೋ, ನನಗೆ ಒಂದೂ ಗೊತ್ತಿಲ್ಲ. ಕೇಳಿದರೆ ತಲೆ ಆಡಿಸುತ್ತಾಳೆ. ಅವಳ ಅಮ್ಮನಿಗೆ ಸಿಗುತ್ತಿದ್ದದ್ದೇ ಈಗ ನನಗೂ. ಬಹಳ ಕೆಟ್ಟದೆನಿಸಿತು.

ಗಂಡಸಿನ ಬುದ್ಧಿ ನೋಡಿ, ಇದಕ್ಕೂ ನನಗೆ ಹೊಳೆದ ಪರಿಹಾರ ಹೊಸ ಮೋಟಾರ್ ಸೈಕಲ್ಲೇ. ಒಳ್ಳೆಯ ಗಾಡಿ ಇದ್ದರೆ ಭಾನುವಾರ ಅವಳನ್ನು ಕೂರಿಸಿಕೊಂಡು ಬಸವಕಲ್ಯಾಣಕ್ಕೆ ಹೋಗಿ ಚಾಚಿಯನ್ನು ಮಾತಾಡಿಸಿಕೊಂಡು ಬರಬಹುದು. ದಾರಿಯುದ್ದ ಅವಳು ಮಾತಾಡುತ್ತಾಳೆ. ಈ ಸಲ ಬೆನ್ನು, ಮೊಣಕಾಲು ಯಾವುದನ್ನೂ ನಡುವೆ ತರಲಿಲ್ಲ. ಶೋರೂಮಿಗೆ ಹೋದೆ. ಅಲ್ಲಿಯವನು ಇಂಜಿನ್ ಬಗ್ಗೆ ಹೇಳುತ್ತಿದ್ದರೆ ನಾನು ಹಿಂದಿನ ಸೀಟನ್ನೇ ಒತ್ತಿ ಒತ್ತಿ ನೋಡಿದೆ. "ಸರ್, ನೀವು ಮುಂದ ಕೂಡ್ರಿ, ಹಿಂದ್ಯಾಕ ನೋಡಾಕತ್ತೀರಿ?" ಎಂದು ಅವನು ಗಾಬರಿಯಾದ. ಚಿತ್ರಗಳಿದ್ದ ಬಣ್ಣದ ಕಾಗದ ಇಸಿದುಕೊಂಡು ಮನೆಗೆ ಬಂದೆ.

ಜಗದೇವಿ ಮನೆಯಲ್ಲಿರಲಿಲ್ಲ. ಅಂಬಿಕಾ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಾಗದವನ್ನು ಅವಳ ಮುಂದಿಟ್ಟು ಪಕ್ಕದಲ್ಲಿ ಕೂತೆ.

"ಅಂಬೂ, ಇದು ತಗೊಂಡ್ರ ಐತವಾರಕ್ಕೊಮ್ಮಿ ಕಲ್ಯಾಣಕ್ಕ ಹೋಗಿ ಬರೂಣು. ಮೊದಲಿನಂಗ ಮಾತಾಡ್ಕೋತ."

ಅವಳು ಕಾಗದ ನೋಡಿದಳು, ಸೊಪ್ಪು ಬಿಡಿಸಿದಳು.

"ಯಾಕ ಈಗ ಏನೂ ಹೇಳವಲ್ಲಿ? ನನ್ನ ಮ್ಯಾಲ ಸಿಟ್ಟದ ಏನು?" ಎಂದೆ.

"ಸಿಟ್ಟ್ಯಾಕಪ್ಪ," ಎಂದಳು. ಇನ್ನೊಂದು ಕಟ್ಟು ಸೊಪ್ಪು ಎತ್ತಿಕೊಂಡು ಅವಳಾಗಿಯೇ ಶುರು ಮಾಡಿದಳು. "ರಾಜೇಶ್ವರ ದಾಟಿದ ಮ್ಯಾಲ ಒಂದಿನ ಕಬ್ಬಿನ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡಿದ್ವಿ. ಅವ್ವ ಮನಿ ನೋಡಾಕತ್ತಿದ್ಳು ಆವಾಗ. ನಾ ನಿನಗ ಹೇಳ್ದೆ. ಅಪ್ಪ, ನನಗ ಹುಮನಾಬಾದ ಮನಿ ಬ್ಯಾಡ, ಚಾಚಿ ಬಿಟ್ಟು ನಾ ಇರಂಗಿಲ್ಲ, ನೀ ಅವ್ವಗ ಬ್ಯಾಡ ಅನ್ನು, ನೀ ಅಂದ್ರ ಅಕಿ ಕೇಳ್ತಾಳ ಅಂತ. ಅಂತೀಯಾ ಅಂತ ಕೇಳ್ದೆ. ನೀ ಹೂಂ ಅಂದಿ. ಮತ್ತೊಮ್ಮಿ ಕೇಳ್ದೆ. ಆವಾಗೂ ಹೂಂ ಅಂದಿ."

ನಾನು ಅವಳ ಮುಂದಿದ್ದ ಬಣ್ಣದ ಕಾಗದವನ್ನು ಮಡಚಿದೆ.

"ನಾ ಹೋಗಿ ಚಾಚಿಗೂ ಹೇಳಿಬಿಟ್ಟೆ, ನಾವು ಹೋಗಂಗಿಲ್ಲ, ಅಪ್ಪ ಮಾತು ಕೊಟ್ಟಾನ ಅಂತ. ದಿನಾ ಸಂಜೀಕ ನೀ ಈಗ ಹೇಳ್ತಿ, ಈಗ ಹೇಳ್ತಿ ಅಂತ ಬಾಗಲದಾಗೇ ನಿಂದರ್ತಿದ್ದೆ. ಟೆಂಪೋ ಬಂದ ದಿನಾನೂ ನಿಂತಿದ್ದೆ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದು ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. "ಈಗ ಬಿಡಪ್ಪ. ಇಲ್ಲೂ ಗೆಳತ್ಯಾರು ಆಗ್ಯಾರ. ಅವರ ಮುಂದ ಹೇಳ್ಕೋತೀನಿ."

ಮಗಳ ಮಾತೆಲ್ಲ ಕೇಳುವವನು ನಾನೊಬ್ಬನೇ ಎಂದು ಮೀಸೆ ತಿರುವಿದವನು ನಾನು. ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದೆ. ಟ್ರ್ಯಾಕ್ಟರ್ ನೆನಪಾಯಿತು, ಕಬ್ಬಿನ ಗರಿ ಮುಖಕ್ಕೆ ಬಡಿದದ್ದು ನೆನಪಾಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರ ನೆನಪಾಗಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದೆ, ಗಾಳಿಗೆ ಕೇಳಿಸಲಿಲ್ಲ ಅಂತ ಅನ್ನಬಹುದಿತ್ತು. ಯಾಕೋ ಆಗಲಿಲ್ಲ.

"ಆವಾಗ ಬಾಜೂದಿಂದ ಒಂದು ಗಾಡಿ ದಾಟಿ ಹೋತವ್ವಾ," ಎಂದೆ. "ನಾ ಅದನ್ನ ನೋಡಾಕತ್ತಿದ್ದೆ."

ಅಂಬಿಕಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಮೊದಲ ಸಲ ನನ್ನ ಮುಖ ನೋಡಿದಳು. "ಯಾವ ಗಾಡಿ?" ಎಂದು ಕೇಳಿದಳು.

ಸುಮ್ಮನಿರಬೇಕಿತ್ತು ನಾನು. ಆದರೆ ಅದು ನನಗೆ ಎಷ್ಟು ಚೆನ್ನಾಗಿ ನೆನಪಿತ್ತು! ಕರಿ ಬಣ್ಣದ್ದು, ಟ್ಯಾಂಕಿನ ಮೇಲೆ ಕೆಂಪು ಪಟ್ಟಿ, ಹಿಂದಿನ ಟೈರು ಇಷ್ಟಗಲ, ಸವಾರ ಹೆಗಲಿಗೆ ಹಸಿರು ಶಾಲು ಸುತ್ತಿಕೊಂಡಿದ್ದ, ಹ್ಯಾಂಡಲ್ಲಿಗೆ ಪೂಜೆಯ ನಿಂಬೆಹಣ್ಣು ಇನ್ನೂ ಹಾಗೇ ಇತ್ತು ಎಂದು ಒಂದೊಂದಾಗಿ ಹೇಳುತ್ತ ಹೋದೆ. ಅವಳು ಕೈ ಕಟ್ಟಿ ಕೂತು, ನಡುವೆ ಒಂದು ಮಾತೂ ಆಡದೆ, ನಾನು ಹೇಳಿ ಮುಗಿಸುವವರೆಗೂ ಪೂರ್ತಿ ಕೇಳಿಸಿಕೊಂಡಳು.